ಶಾಲೆಗೆ ಟಿವಿ ಬಂತು ಅಂತ ಬರೆದೆವು, ಆ ಹುಡುಗಿಯನ್ನು ನೋಡಲಿಲ್ಲ

ಮೂರು ವರ್ಷದ ಹಿಂದಿನ ಒಂದು ಫೋಟೊ ಇನ್ನೂ ನಮ್ಮ ಫೋನಿನಲ್ಲಿದೆ. ಜಾಗ ಸಾಲದೆ ಎಷ್ಟೋ ಫೋಟೊ ಅಳಿಸಿದ್ದೇವೆ, ಇದನ್ನು ಅಳಿಸಿಲ್ಲ.

ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರ ಹೆಸರು ಹೇಳುವುದಿಲ್ಲ, ಕಾರಣ ಮುಂದೆ ಇದೆ. ಆ ದಿನ ಶಾಲೆಗೆ ದೊಡ್ಡ ಸ್ಮಾರ್ಟ್ ಟಿವಿ ಬಂದಿತ್ತು. ಕೊಟ್ಟ ದಾನಿಗಳು, ಪಂಚಾಯಿತಿಯವರು, ಎಸ್‌ಡಿಎಂಸಿಯವರು ಎಲ್ಲ ಸೇರಿದ್ದರು. ರಿಬ್ಬನ್ ಕತ್ತರಿಸಿದರು, ಕಾಯಿ ಒಡೆದರು, ಟಿವಿಗೆ ಕುಂಕುಮ ಹಚ್ಚಿದರು. ಪರದೆಯ ಮೇಲೆ ಒಂದು ಆನೆ ಹಾಡು ಹೇಳುತ್ತ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾವು ಬಾಗಿಲ ಬಳಿ ನಿಂತು ನಾಲ್ಕು ಫೋಟೊ ಹೊಡೆದೆವು, ಅಲ್ಲೇ ಕಟ್ಟೆಯ ಮೇಲೆ ಕೂತು ಸುದ್ದಿ ಟೈಪ್ ಮಾಡಿ ಕಳಿಸಿದೆವು. ಮರುದಿನ ಪೇಪರಿನಲ್ಲಿ ಬಂತು. ಹಳ್ಳಿ ಮಕ್ಕಳಿಗೂ ಡಿಜಿಟಲ್ ಪಾಠ ಅಂತ ಹೆಡ್ಡಿಂಗು.

ಬರೆದ ಸುದ್ದಿಯ ಲೆಕ್ಕದಲ್ಲಿ ದುಡ್ಡು ಪಡೆಯುವ ನಮ್ಮಂಥವರಿಗೆ ಇದು ಸುಲಭದ ಸುದ್ದಿ. ಯಾರಿಗೂ ಬೇಜಾರಿಲ್ಲ. ದಾನಿಗಳಿಗೆ ಖುಷಿ, ಶಾಲೆಗೆ ಖುಷಿ, ಆಫೀಸಿನಲ್ಲಿ ಪುಟ ತುಂಬಿತು. ಒಂದು ಸಲವೂ ನಮಗೆ ಅನುಮಾನ ಬರಲಿಲ್ಲ.

ಮರುವರ್ಷ ಜುಲೈನಲ್ಲಿ ಅದೇ ಶಾಲೆಗೆ ಬೇರೆ ಕೆಲಸಕ್ಕೆ ಹೋದೆವು. ಬಿಸಿಯೂಟದ ಬೇಳೆ ಸರಿಯಾಗಿ ಬರುತ್ತಿಲ್ಲ ಅಂತ ಯಾರೋ ಫೋನ್ ಮಾಡಿದ್ದರು. ಬೇಳೆ ವಿಷಯ ಮಾತಾಡುತ್ತ ಕೂತಾಗ ಮೂಲೆಯಲ್ಲಿ ಟಿವಿ ಕಂಡಿತು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಕುಂಕುಮದ ಗುರುತು ಇನ್ನೂ ಇತ್ತು.

‘ಹಚ್ಚಂಗಿಲ್ಲೇನ್ರಿ ಇದನ್ನ?’ ಅಂತ ಕೇಳಿದೆವು.

ಹೆಡ್ ಮಾಸ್ತರು ಸುಳ್ಳು ಹೇಳಲಿಲ್ಲ. ‘ಕರೆಂಟ್ ಇದ್ದಾಗ ನೆಟ್ ಇರಂಗಿಲ್ರಿ. ನೆಟ್ ಇದ್ದಾಗ ನಾ ಇರಂಗಿಲ್ಲ, ಮೀಟಿಂಗಿಗೆ ಹೋಗಿರ್ತೀನಿ. ಮಳಿ ಬಂದ್ರ ಆ ಮೂಲಿ ಸೋರತೈತಿ. ಕೆಟ್ಟರ ಯಾರು ರಿಪೇರಿ ಮಾಡಸಬೇಕ್ರಿ? ಅದಕ್ಕ ಮುಚ್ಚಿಟ್ಟೀನಿ’ ಅಂದರು. ಅವರ ಮೇಜಿನ ಮೇಲೆ ಮೊಟ್ಟೆ ಲೆಕ್ಕದ ಪುಸ್ತಕ, ಹಾಜರಿ, ಕಂಪ್ಯೂಟರಿಗೆ ತುಂಬಬೇಕಾದ ಮಕ್ಕಳ ವಿವರ ಎಲ್ಲ ರಾಶಿ ಬಿದ್ದಿತ್ತು. ಇದ್ದ ಶಿಕ್ಷಕರು ಮೂವರು, ತರಗತಿ ಏಳು. ಅವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ.

ನಾವು ಓದಿದ್ದೂ ಇಂಥದೇ ಶಾಲೆಯಲ್ಲಿ. 1987ರಲ್ಲಿ ಶುರುವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ದೇಶದ ಪ್ರಾಥಮಿಕ ಶಾಲೆಗಳಿಗೆ ನಕಾಶೆ, ಆಟಿಕೆ, ಕಲಿಕೆಯ ಸಾಮಾನು ಕೊಡುತ್ತಿದ್ದರು. ನಮ್ಮ ಶಾಲೆಯಲ್ಲೂ ಒಂದು ಗ್ಲೋಬು ಇತ್ತು. ಅದು ಬೀರುವಿನಲ್ಲಿರುತ್ತಿತ್ತು, ಸಾಹೇಬರು ತಪಾಸಣೆಗೆ ಬಂದ ದಿನ ಮೇಜಿನ ಮೇಲೆ ಕೂರುತ್ತಿತ್ತು. ಏಳನೇ ಕ್ಲಾಸ್ ಮುಗಿಯುವ ತನಕ ನಾವು ಅದನ್ನು ಕೈಯಿಂದ ತಿರುಗಿಸಿದ್ದು ಒಂದೇ ಸಲ, ಅದೂ ಧೂಳು ಒರೆಸಲು ಹೇಳಿದಾಗ. ಆಮೇಲೆ ರೇಡಿಯೊ ಪಾಠ ಬಂತು. 2004ರಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬಂತು. 2020ರಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಚಂದನ ಟಿವಿಯಲ್ಲಿ ಪಾಠ ಬಂತು. ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬಂತು. ಸಾಮಾನು ಬರುವುದು ನಿಂತಿಲ್ಲ. ಬಂದ ಸಾಮಾನು ಯಾವ ಮಗುವಿನ ಕೈಗೆ ಸಿಕ್ಕಿತು ಅಂತ ಕೇಳುವವರು ಕಡಿಮೆ. ನಾವೂ ಕೇಳಿರಲಿಲ್ಲ.

ಹೊರಟು ಬೈಕ್ ಹತ್ತುವಾಗ ಪಕ್ಕದ ಕೋಣೆಯಿಂದ ಮಕ್ಕಳ ಗದ್ದಲ ಕೇಳಿಸಿತು. ಬೈಗುಳ ತಿನ್ನುವ ಗದ್ದಲ ಬೇರೆ, ಆಟದ ಗದ್ದಲ ಬೇರೆ. ಇದು ಎರಡನೆಯದು. ಇಣುಕಿದೆವು.

ಅದು ನಲಿಕಲಿ ಕೋಣೆ, ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೆ ಕೂರುವ ಜಾಗ. ನಲಿಕಲಿ ಗೊತ್ತಿರಬೇಕು ನಿಮಗೆ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ, ತಲೆಯ ಮೇಲೆ ದಾರ ಕಟ್ಟಿ ಅವರು ಮಾಡಿದ ಚಿತ್ರ ತೂಗುಹಾಕಿರುತ್ತಾರೆ. ಅಲ್ಲಿ ಒಬ್ಬ ಅಕ್ಕೋರು ಚಾಪೆಯ ಮೇಲೆ ಕೂತಿದ್ದರು. ಅತಿಥಿ ಶಿಕ್ಷಕಿ. ಮುಂದೆ ಅವರದೇ ಫೋನು, ಒಂದು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟಿದ್ದರು. ಅದರಲ್ಲಿ ನರಿ ಮತ್ತು ಕೊಕ್ಕರೆಯ ಕಥೆ ಓಡುತ್ತಿತ್ತು. ಸೌಂಡ್ ಮಾತ್ರ ಇರಲಿಲ್ಲ.

ಸ್ಪೀಕರ್ ಕೆಟ್ಟಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ. ಬ್ಲೂಟೂತ್ ಸ್ಪೀಕರ್ ಒಂದು ಅವರ ಚೀಲದಲ್ಲೇ ಇತ್ತು.

‘ಮೊದಲ ಸಲ ಸೌಂಡ್ ಬಂದ್ ಮಾಡಿ ತೋರಸ್ತೀನ್ರಿ. ಏನ್ ನಡದೈತಿ ಅಂತ ಹುಡುಗರೇ ಹೇಳಬೇಕು. ಎರಡನೇ ಸಲ ಸೌಂಡ್ ಹಚ್ಚತೀನಿ’ ಅಂದರು ಅಕ್ಕೋರು.

ಮಕ್ಕಳು ಫೋನಿನ ಸುತ್ತ ಮುಗಿಬಿದ್ದಿದ್ದರು. ನರಿಗೆ ಸಿಟ್ಟು ಬಂದೈತಿ ಅಂದ ಒಬ್ಬ. ಹೊಟ್ಟಿ ಹಸದೈತಿ ಅಂದಳು ಇನ್ನೊಬ್ಬಳು. ಆಗ ಕೆಂಪು ರಿಬ್ಬನ್ನಿನ ಒಬ್ಬ ಹುಡುಗಿ ಎದ್ದು ನಿಂತು ಮೂಗು ಮೇಲೆ ಮಾಡಿ, ತುಟಿ ಒತ್ತಿ, ಕುತ್ತಿಗೆ ಓರೆ ಮಾಡಿ ತೋರಿಸಿದಳು. ಕೊಕ್ಕರೆ ನರಿಗೆ ಮೋಸ ಮಾಡಲು ಯೋಚನೆ ಮಾಡುತ್ತಿದೆ ಅಂತ. ಅಕ್ಕೋರು ವಿಡಿಯೊ ಹಿಂದೆ ಓಡಿಸಿ ತೋರಿಸಿದರು. ಹೌದು, ಕೊಕ್ಕರೆಯ ಕಣ್ಣಲ್ಲಿ ಅದೇ ಇತ್ತು. ನಮಗೂ ಕಂಡಿರಲಿಲ್ಲ. ಮಕ್ಕಳು ಹೋ ಅಂದರು. ಅವಳು ನಾಚಿ ಕೂತಳು.

ಅವಳ ಮುಖ ಎಲ್ಲೋ ನೋಡಿದ ಹಾಗಿತ್ತು. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆವು. ಟಿವಿ ಉದ್ಘಾಟನೆಯ ಫೋಟೊದಲ್ಲಿ ಎಡಗಡೆ ಅಂಚಿಗೆ ಅವಳು ಇದ್ದಾಳೆ. ಎಲ್ಲ ಮಕ್ಕಳೂ ಆನೆಯನ್ನು ನೋಡುತ್ತಿದ್ದಾರೆ. ಅವಳು ಪಕ್ಕದ ಹುಡುಗಿಯ ಕೈ ನೋಡುತ್ತಿದ್ದಾಳೆ, ಚಪ್ಪಾಳೆ ಯಾವಾಗ ತಟ್ಟಬೇಕು ಅಂತ ತಿಳಿಯಲು. ಪೇಪರಿನಲ್ಲಿ ಬಂದ ಫೋಟೊದಲ್ಲಿ ಆ ಅಂಚು ಇಲ್ಲ. ಪುಟಕ್ಕೆ ಹೊಂದಿಸಲು ಕತ್ತರಿಸಿದ್ದರು.

ಆ ಹುಡುಗಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅದು ಮನೆಯವರಿಗೂ ಗೊತ್ತಿರಲಿಲ್ಲ, ಶಾಲೆಗೂ ಗೊತ್ತಿರಲಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ, ಕೇಳಿದ್ದಕ್ಕೆ ಬೇರೆ ಏನೋ ಹೇಳುತ್ತಾಳೆ, ಹಿಂದೆ ಕೂತು ಸುಮ್ಮನಿರುತ್ತಾಳೆ. ಊರಲ್ಲಿ ಮಂಕಿ ಅಂತ ಹೆಸರಿಟ್ಟಿದ್ದರು. ಮುಂದಿನ ವರ್ಷ ಬಿಡಿಸಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಇಟ್ಟುಕೊಳ್ಳುವ ಮಾತೂ ನಡೆದಿತ್ತು.

ಅಕ್ಕೋರಿಗೆ ಗೊತ್ತಾಗಿದ್ದು ಹೇಗೆ? ಆ ಸ್ಪೀಕರ್‌ನಿಂದ. ಹಾಡು ಹಚ್ಚಿ ಸ್ಪೀಕರ್ ಕೈಯಿಂದ ಕೈಗೆ ದಾಟಿಸುವ ಆಟ ಆಡಿಸುತ್ತಿದ್ದರಂತೆ. ಹಾಡು ನಿಂತಾಗ ಯಾರ ಕೈಯಲ್ಲಿದೆಯೋ ಅವರು ಒಂದು ಪದ ಹೇಳಬೇಕು. ಸ್ಪೀಕರ್ ಕಪ್ಪುಹಲಗೆಯ ಹತ್ತಿರ ಇದ್ದಾಗ ಆ ಹುಡುಗಿ ಬೇರೆಯವರ ಮುಖ ನೋಡುತ್ತಾಳೆ. ಅವಳ ಕೈಗೆ ಬಂದ ಕೂಡಲೇ ಮುಖ ಅರಳುತ್ತದೆ, ಕಾಲು ಕುಣಿಯುತ್ತದೆ. ಒಂದು ಸಲ ಅದನ್ನು ಎತ್ತಿ ಬಲಗಿವಿಗೆ ಒತ್ತಿ ಹಿಡಿದಳಂತೆ, ಬಿಡಲೇ ಇಲ್ಲ.

‘ಅವತ್ತ ರಾತ್ರಿ ನನಗ ನಿದ್ದಿ ಹತ್ತಲಿಲ್ರಿ’ ಅಂದರು ಅಕ್ಕೋರು. ‘ಎರಡು ತಿಂಗಳ ಆಕಿನ್ನ ಬೈದಿದ್ದೆ, ಲಕ್ಷ್ಯ ಇಲ್ಲ ನಿನಗ ಅಂತ.’

ಅವರು ಮನೆಗೆ ಹೋಗಿ ಕೇಳಿದರು. ತಾಯಿ ಹೇಳಿದ್ದು: ‘ಮೂರು ವರ್ಷದಾಕಿ ಇದ್ದಾಗಿಂದ ಕಿವಿ ಸೋರತಿತ್ರಿ ಅಕ್ಕೋರ. ಬಳ್ಳೊಳ್ಳಿ ಕಾಸಿದ ಎಣ್ಣಿ ಬಿಡತಿದ್ವಿ.’ ನಮ್ಮ ಕಡೆ ಎಲ್ಲ ಮನೆಯಲ್ಲೂ ಇದನ್ನೇ ಮಾಡುತ್ತಾರೆ. ಸೋರುವ ಕಿವಿಗೆ ಎಣ್ಣೆ ಬಿಡಬಾರದು, ಒಳಗಿನ ತಮಟೆ ತೂತಾಗಿರಬಹುದು, ಡಾಕ್ಟರಿಗೆ ತೋರಿಸಬೇಕು. ಇದನ್ನು ದಯವಿಟ್ಟು ಮನೆಯಲ್ಲಿ ಓದಿ ಹೇಳಿ.

ಸರ್ಕಾರಿ ಶಾಲೆ ಮಕ್ಕಳ ಆರೋಗ್ಯ ನೋಡಲು ಆರ್‌ಬಿಎಸ್‌ಕೆ ತಂಡ ವರ್ಷಕ್ಕೊಮ್ಮೆ ಶಾಲೆಗೇ ಬರುತ್ತದೆ. ಕಿವಿಯ ತೊಂದರೆಯೂ ಅವರ ಪಟ್ಟಿಯಲ್ಲಿದೆ. ಆದರೆ ಒಂದೇ ದಿನದಲ್ಲಿ ಅಷ್ಟು ಮಕ್ಕಳನ್ನು ನೋಡುವಾಗ ಸುಮ್ಮನೆ ನಗುವ ಮಗು ತಪ್ಪಿಹೋಗುತ್ತದೆ. ಈ ಸಲ ಅಕ್ಕೋರು ಅವಳ ಕೈ ಹಿಡಿದುಕೊಂಡೇ ಮುಂದೆ ನಿಂತರು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ ಸಿಕ್ಕಿತು. ತಾಯಿ ಎರಡು ದಿನದ ಕೂಲಿ ಬಿಟ್ಟು ಹೋದರು. ಎಡಗಿವಿ ಬಹಳ ಕಡಿಮೆ, ಬಲಗಿವಿ ಅರೆಬರೆ ಅಂತ ಪರೀಕ್ಷೆಯಲ್ಲಿ ಬಂತು. ಔಷಧಿ ಕೊಟ್ಟರು. ಕಿವಿ ಒಣಗಿದ ಮೇಲೆ ಮಷಿನ್ ಕೊಡಿಸೋಣ ಅಂತ ತಾಲ್ಲೂಕಿನ ವಿಶೇಷ ಶಿಕ್ಷಕರು ಹೆಸರು ಬರೆದುಕೊಂಡರು. ಅಂಗವಿಕಲ ಮಕ್ಕಳ ಕಲಿಕೆಗೆಂದೇ ಪ್ರತಿ ತಾಲ್ಲೂಕಿಗೂ ಬಿಐಇಆರ್‌ಟಿ ಅನ್ನುವ ಈ ಶಿಕ್ಷಕರು ಇರುತ್ತಾರೆ. ಬಹಳ ತಂದೆ ತಾಯಿಗೆ ಇದು ಗೊತ್ತಿಲ್ಲ.

ಮಷಿನ್ ಬರುವ ತನಕ ಅಕ್ಕೋರು ಸುಮ್ಮನೆ ಕೂರಲಿಲ್ಲ. ಹುಡುಗಿಯನ್ನು ಬಲಗಿವಿ ತಮ್ಮ ಕಡೆ ಬರುವ ಹಾಗೆ ಮುಂದೆ ಕೂರಿಸಿದರು. ಹಾಡು, ಕಥೆ ಹಚ್ಚುವಾಗ ಸ್ಪೀಕರ್ ಅವಳ ತೊಡೆಯ ಮೇಲೆ. ಕಪ್ಪುಹಲಗೆ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟರು, ಯಾಕೆಂದರೆ ತುಟಿ ಕಾಣಬೇಕು. ವಿಡಿಯೊಗೆ ಮೊದಲು ಸೌಂಡ್ ಬಂದ್. ಸೌಂಡ್ ಇಲ್ಲದಾಗ ಎಲ್ಲರೂ ಅವಳ ಹಾಗೇ. ನೋಡಿ ತಿಳಿಯುವುದರಲ್ಲಿ ಅವಳಿಗೆ ಐದು ವರ್ಷದ ಅನುಭವ ಇತ್ತು, ಉಳಿದವರಿಗೆ ಇರಲಿಲ್ಲ.

ಅದೇ ಕೋಣೆಯಲ್ಲಿ ಇನ್ನೊಬ್ಬ ಹುಡುಗನಿದ್ದ. ತಾಂಡಾದವನು. ಅಪ್ಪ ಅವ್ವ ಪುಣೆಗೆ ಗುಳೆ ಹೋಗಿದ್ದರು, ಇವನು ಅಜ್ಜಿಯ ಹತ್ತಿರ. ಕಿವಿ ಚೆನ್ನಾಗಿತ್ತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಗೋರ್ ಬೋಲಿ, ಪುಣೆಯಲ್ಲಿ ಕಲಿತದ್ದು ಹಿಂದಿ, ಶಾಲೆಯಲ್ಲಿ ಕನ್ನಡ. ತಪ್ಪು ಹೇಳಿದರೆ ನಗುತ್ತಾರೆ ಅನ್ನುವ ಹೆದರಿಕೆ.

ಅಕ್ಕೋರು ಅವನಿಗೆ ಫೋನು ಕೊಟ್ಟು ಮನೆಗೆ ಕಳಿಸಲಿಲ್ಲ. ತಾವೇ ಸಂಜೆ ತಾಂಡಾಕ್ಕೆ ಹೋಗಿ ಅಜ್ಜಿಯ ಮಾತು ರೆಕಾರ್ಡ್ ಮಾಡಿಕೊಂಡು ಬಂದರು. ಮರುದಿನ ತರಗತಿಯಲ್ಲಿ ಹಚ್ಚಿದರು. ಯಾಡಿ ಅಂದಿತು ಸ್ಪೀಕರ್. ಬಾಟಿ ಅಂದಿತು. ಪಾಣಿ ಅಂದಿತು. ಯಾರಿಗೂ ಎಲ್ಲದಕ್ಕೂ ಅರ್ಥ ಗೊತ್ತಿಲ್ಲ. ಗೊತ್ತಿದ್ದವನು ಅವನೊಬ್ಬನೇ. ಎದ್ದು ನಿಂತು ಹೇಳಿದ. ಯಾಡಿ ಅಂದ್ರ ಅವ್ವ, ಬಾಟಿ ಅಂದ್ರ ರೊಟ್ಟಿ.

ಗೋರ್ ಬೋಲಿಗೆ ತನ್ನದೇ ಲಿಪಿ ಇಲ್ಲ. ಅಕ್ಕೋರು ಹಲಗೆಯ ಮೇಲೆ ಕನ್ನಡದಲ್ಲೇ ಮೂರು ಸಾಲು ಮಾಡಿ ಬರೆದರು. ಮೊದಲು ಯಾಡಿ, ಆಮೇಲೆ ಅವ್ವ, ಆಮೇಲೆ ಪುಸ್ತಕದ ಅಮ್ಮ. ಆಗ ಉಳಿದ ಮಕ್ಕಳಿಗೂ ಒಂದು ವಿಷಯ ಗೊತ್ತಾಯಿತು: ಪುಸ್ತಕದ ಮಾತು ತಮ್ಮ ಮನೆಯ ಮಾತೂ ಅಲ್ಲ. ‘ಅಕ್ಕೋರ, ನಾವೂ ಅಮ್ಮ ಅನ್ನಂಗಿಲ್ರಿ’ ಅಂದಳಂತೆ ಒಬ್ಬಳು.

ಆಮೇಲೆ ಅವನ ತಾಯಿಗೆ ವಾಟ್ಸ್ಆ್ಯಪ್‌ನಲ್ಲಿ ಅವನು ಓದಿದ ನಾಲ್ಕು ಸಾಲು ವಾಯ್ಸ್ ಮಾಡಿ ಕಳಿಸಿದರು. ತಾಯಿಗೆ ಓದು ಬರಹ ಇಲ್ಲ. ವಾಯ್ಸ್ ಕೇಳಲು ಅಕ್ಷರ ಬೇಕಿಲ್ಲವಲ್ಲ. ಪುಣೆಯಿಂದ ತಿರುಗಿ ವಾಯ್ಸ್ ಬಂತು. ಒಂದು ಒಗಟು, ಗೋರ್ ಬೋಲಿಯಲ್ಲಿ, ಹಿಂದೆ ಸಿಮೆಂಟ್ ಮಷಿನ್ ಸದ್ದು. ಅಕ್ಕೋರು ಅದನ್ನು ನಮಗೂ ಕೇಳಿಸಿದರು. ಹುಡುಗ ಪಕ್ಕದಲ್ಲಿ ನಿಂತು ಎಷ್ಟನೇ ಸಲವೋ ಕೇಳುತ್ತಿದ್ದ. ಉತ್ತರ ಹೇಳಬ್ಯಾಡ್ರಿ ಅಂತ ಕೈ ಸನ್ನೆ ಮಾಡಿದ.

ನಮಗೆ ಒಳ್ಳೆ ಸುದ್ದಿ ಸಿಕ್ಕಿತು ಅನಿಸಿತು. ಅಕ್ಕೋರ ಫೋಟೊ, ಹುಡುಗಿಯ ಫೋಟೊ, ಹೆಸರು, ಊರು ಎಲ್ಲ ಹಾಕಿ ಭಾನುವಾರದ ಪುಟಕ್ಕೆ ಬರೆಯುತ್ತೇವೆ ಅಂದೆವು. ಅವರು ಕೈ ಮುಗಿದರು.

‘ಬ್ಯಾಡ್ರಿ ಸರ. ಕ್ಲಾಸಿನ್ಯಾಗ ಫೋನ್ ಯಾಕ ಹಿಡದೀರಿ ಅಂತ ಮೊದಲ ಕೇಳ್ತಾರ. ನಾವು ಅತಿಥಿ ಶಿಕ್ಷಕರು, ವರ್ಷಕ್ಕೊಮ್ಮೆ ಹೊಸದಾಗಿ ತೊಗೋಬೇಕು. ಆ ಕೂಸಿನ ಫೋಟೊನೂ ಬ್ಯಾಡ. ಮಂಕಿ ಅಂತಿದ್ರು, ಈಗ ಕಿವುಡಿ ಅಂತಾರ.’

ಡಿಪ್ಲೊಮಾ ಓದುವಾಗ ಸುದ್ದಿಯಲ್ಲಿ ಯಾರು, ಎಲ್ಲಿ, ಯಾವಾಗ ಇರಲೇಬೇಕು ಅಂತ ಕಲಿತಿದ್ದೆವು. ಹೆಸರು ಹಾಕಿದರೆ ಯಾರಿಗೆ ಏಟು ಬೀಳುತ್ತದೆ ಅಂತ ಕಲಿತದ್ದು ಈ ಚಾಪೆಯ ಮೇಲೆ. ಹೆಸರಿಲ್ಲದೆ ಬರೆದು ಕಳಿಸಿದೆವು. ಆಫೀಸಿನಿಂದ ಉತ್ತರ ಬಂತು: ಯಾವ ಶಾಲೆ, ಫೋಟೊ ಎಲ್ಲಿ? ಸುದ್ದಿ ಹಾಕಲಿಲ್ಲ.

ಆದರೆ ಒಂದು ಕೆಲಸ ಮಾಡಿದೆವು. ಹೆಡ್ ಮಾಸ್ತರಿಗೆ ಮತ್ತು ಅಕ್ಕೋರಿಗೆ ನಡುವೆ ಕೂತು ಟಿವಿಯ ವಿಷಯ ತೆಗೆದೆವು. ನೆಟ್ ಇಲ್ಲದಿದ್ದರೇನು, ಟಿವಿಯ ಹಿಂದೆ ಪೆನ್‌ಡ್ರೈವ್ ಹಾಕುವ ತೂತು ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ದೀಕ್ಷಾ ಆ್ಯಪ್‌ನಲ್ಲಿ ಪಾಠಗಳನ್ನು ಇಳಿಸಿಕೊಂಡು ನೆಟ್ ಇಲ್ಲದೆಯೂ ಫೋನಿನಲ್ಲಿ ನೋಡಬಹುದು. ಮಕ್ಕಳೇ ತೆಗೆದ ಫೋಟೊ, ಅಜ್ಜಿಯ ಧ್ವನಿ, ಅಕ್ಕೋರು ಮಾಡಿದ ವಿಡಿಯೊ ಇವೆಲ್ಲ ಪೆನ್‌ಡ್ರೈವಿನಲ್ಲಿ ಹಾಕಿದರೆ ದೊಡ್ಡ ಪರದೆಯಲ್ಲಿ ಕಾಣುತ್ತದೆ. ಸೋರುವ ಮೂಲೆಯಿಂದ ಟಿವಿಯನ್ನು ನಲಿಕಲಿ ಕೋಣೆಗೆ ಸರಿಸಿದರು. ಎಸ್‌ಡಿಎಂಸಿಯ ಒಬ್ಬರು ಪೆನ್‌ಡ್ರೈವ್ ತಂದುಕೊಟ್ಟರು. ಮೊದಲ ದಿನ ತಾಂಡಾದ ಅಜ್ಜಿಯ ಮುಖ ಪರದೆಯ ಮೇಲೆ ಬಂದಾಗ ಆ ಹುಡುಗ ಓಡಿಹೋಗಿ ಟಿವಿಯನ್ನು ಮುಟ್ಟಿದ. ಯಾರೂ ಬೈಯಲಿಲ್ಲ. ಹೆಡ್ ಮಾಸ್ತರು ಮಾತ್ರ ‘ಮೆಲ್ಲಕ, ಮೆಲ್ಲಕ’ ಅಂದರು.

ಇಷ್ಟಕ್ಕೆ ಮುಗಿಸಿದರೆ ಚಂದ. ಆದರೆ ನಡೆದದ್ದು ಹಾಗಿಲ್ಲ. ಮಾರ್ಚ್ ಮುಗಿದು ಅಕ್ಕೋರ ಕೆಲಸವೂ ಮುಗಿಯಿತು. ಮುಂದಿನ ವರ್ಷ ಅವರಿಗೆ ಬೇರೆ ಊರಲ್ಲಿ ಸಿಕ್ಕಿತು. ಫೋನು, ಸ್ಪೀಕರ್ ಅವರದೇ, ತೊಗೊಂಡು ಹೋದರು. ತಾಂಡಾದ ಹುಡುಗನನ್ನು ಅಪ್ಪ ಅವ್ವ ಪುಣೆಗೆ ಕರೆದುಕೊಂಡು ಹೋದರು. ಅಲ್ಲಿ ಶಾಲೆಗೆ ಹೋಗುತ್ತಿದ್ದಾನೋ ಇಲ್ಲವೋ ಅಜ್ಜಿಗೂ ಸರಿಯಾಗಿ ಗೊತ್ತಿಲ್ಲ. ಅವನನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ತಂತ್ರಜ್ಞಾನ ಎಷ್ಟೇ ಇರಲಿ, ಒಬ್ಬ ಅಕ್ಕೋರನ್ನು ಎರಡು ವರ್ಷ ಒಂದೇ ಶಾಲೆಯಲ್ಲಿ ನಿಲ್ಲಿಸಲು ನಮಗೆ ಆಗಿಲ್ಲ.

ಜುಲೈನಲ್ಲಿ ಮತ್ತೆ ಆ ಕಡೆ ಹೋಗುವುದಿತ್ತು. ಕಸೂತಿ ಬಟ್ಟೆ ಮತ್ತೆ ಟಿವಿಯ ಮೇಲೆ ಬಂದಿರುತ್ತದೆ ಅಂದುಕೊಂಡೇ ಒಳಗೆ ಹೋದೆವು. ಬಟ್ಟೆ ಇರಲಿಲ್ಲ. ಹೊಸದಾಗಿ ಬಂದ ಮಾಸ್ತರು ನಾಲ್ಕನೇ ಕ್ಲಾಸಿಗೆ ಮಳೆಯ ಪಾಠ ಹಚ್ಚಲು ನಿಂತಿದ್ದರು. ಟಿವಿ ಶುರುವಾದ ಕೂಡಲೇ ಮೂರು ನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು: ‘ಸರ, ಮೊದಲ ಸೌಂಡ್ ಬಂದ್ ಮಾಡ್ರಿ!’

ಮಾಸ್ತರು ಗಾಬರಿಯಾಗಿ ನಮ್ಮ ಮುಖ ನೋಡಿದರು. ನಾವು ಮಾಡ್ರಿ ಅಂತ ತಲೆ ಅಲ್ಲಾಡಿಸಿದೆವು.

ಕೆಂಪು ರಿಬ್ಬನ್ನಿನ ಹುಡುಗಿ ಮುಂದಿನ ಸಾಲಿನಲ್ಲಿದ್ದಳು. ಕಿವಿಯ ಹಿಂದೆ ಮಷಿನ್ ಬಂದಿತ್ತು. ಶಾಲೆಯಲ್ಲಷ್ಟೇ ಹಾಕಿಕೊಳ್ಳುತ್ತಾಳಂತೆ, ಮನೆಯಲ್ಲಿ ಕಳೆದೀತು ಅಂತ ಅವ್ವ ತೆಗೆದು ಸಕ್ಕರೆ ಡಬ್ಬಿಯ ಹಿಂದೆ ಇಡುತ್ತಾಳೆ. ಪರದೆಯ ಮೇಲೆ ಮೋಡ ಕಪ್ಪಾಗುತ್ತಿತ್ತು. ಅವಳು ಕೈ ಎತ್ತಿದ್ದಳು.

ನಿಮ್ಮೂರ ಶಾಲೆಗೂ ಟಿವಿಯೋ ಕಂಪ್ಯೂಟರೋ ಟ್ಯಾಬೋ ಬಂದಿರಬಹುದು, ನಮ್ಮಂಥವರು ಬಂದು ಫೋಟೊ ಹೊಡೆದು ಹೋಗಿರಬಹುದು. ಈ ಸಲ ಎಸ್‌ಡಿಎಂಸಿ ಸಭೆಗೆ ಹೋದಾಗ ಅದು ನಡೆಯುತ್ತಿದೆಯಾ ಅಂತ ಕೇಳಿ. ಆಮೇಲೆ ಹಿಂದಿನ ಸಾಲಿನಲ್ಲಿ ಹೋಗಿ ಕೂತು ನೋಡಿ. ಪರದೆ ನೋಡದೆ ಪಕ್ಕದ ಮಗುವಿನ ಕೈ ನೋಡುವ ಮಗು ಒಂದಾದರೂ ಇರುತ್ತದೆ. ಯಾಕೆ ಅಂತ ಅಕ್ಕೋರನ್ನು, ಮಾಸ್ತರನ್ನು ಕೇಳಿ. ಮುಂದಿನ ಸಲ ಉದ್ಘಾಟನೆಗೆ ಹೋದಾಗ ನಾವೂ ಬಾಗಿಲ ಬಳಿ ನಿಲ್ಲುವುದಿಲ್ಲ, ಒಳಗೆ ಬಂದು ಹಿಂದೆ ಕೂರುತ್ತೇವೆ.